ಡಿಸ್ಕ್ ಕಂಟ್ರೋಲರ್: ಸರ್ವರ್ ಖರೀದಿಯಲ್ಲಿ ಮರೆತುಹೋಗುವ ಪ್ರಶ್ನೆ

2024ರ ಜೂನ್ 30ರಂದು ಸೆಂಟ್‌ಓಎಸ್ 7ಕ್ಕೆ ಒದಗುತ್ತಿದ್ದ ಸುರಕ್ಷತಾ ಪರಿಷ್ಕರಣೆಗಳು ನಿಂತುಹೋದವು. ಲಿನಕ್ಸ್ ಆಧಾರಿತವಾದ ಈ ಉಚಿತ ಕಾರ್ಯಾಚರಣ ವ್ಯವಸ್ಥೆಯನ್ನು ನಂಬಿ ಲೆಕ್ಕಪತ್ರ, ದಾಸ್ತಾನು ಮತ್ತು ಬಿಲ್ಲುಗಳ ಕಡತಗಳನ್ನು ಒಂದೇ ಸರ್ವರ್‌ನಲ್ಲಿ ಇರಿಸಿಕೊಂಡಿದ್ದ ಸಣ್ಣ ಸಂಸ್ಥೆಗಳು ಬೇರೊಂದು ಆವೃತ್ತಿಗೆ ಸಾಗುವುದು ಅನಿವಾರ್ಯವಾಯಿತು. ಹಳೆಯ ಯಂತ್ರವುಳ್ಳವರಿಗೆ ಇಲ್ಲಿ ವಿಚಿತ್ರವಾದ ತೊಡಕೊಂದು ಎದುರಾಗಬಹುದು. ಯಂತ್ರ ಸುಸ್ಥಿತಿಯಲ್ಲಿರುತ್ತದೆ, ಡಿಸ್ಕುಗಳೂ ತಿರುಗುತ್ತಿರುತ್ತವೆ; ಆದರೆ ಹೊಸ ಆವೃತ್ತಿಯನ್ನು ಅಳವಡಿಸುವ ಪರದೆಯ ಮೇಲೆ ಒಂದು ಡಿಸ್ಕೂ ಕಾಣಿಸುವುದಿಲ್ಲ.

ದೋಷ ಡಿಸ್ಕಿನದಲ್ಲ. ಡಿಸ್ಕಿಗೂ ಯಂತ್ರಕ್ಕೂ ನಡುವೆ ಕಂಟ್ರೋಲರ್ ಎಂಬ ಚಿಪ್ ಅಥವಾ ಕಾರ್ಡ್ ಇರುತ್ತದೆ. ಅದರೊಡನೆ ವ್ಯವಹರಿಸಲು ಕಾರ್ಯಾಚರಣ ವ್ಯವಸ್ಥೆಗೆ ತಕ್ಕ ಡ್ರೈವರ್ ಬೇಕು. ರೆಡ್ ಹ್ಯಾಟ್ ಸಂಸ್ಥೆಯು 2019ರಲ್ಲಿ ಹೊರತಂದ ತನ್ನ 8ನೆಯ ಆವೃತ್ತಿಯಲ್ಲಿ ಹಳೆಯ ಅನೇಕ ಕಂಟ್ರೋಲರ್‌ಗಳ ಬೆಂಬಲವನ್ನು ತೆಗೆದುಹಾಕಿತು. ಒಂದು ಕಾಲಕ್ಕೆ ಹಲವು ತಯಾರಕರ ಸರ್ವರ್‌ಗಳಲ್ಲಿದ್ದ ಎಲ್‌ಎಸ್‌ಐ ಸಂಸ್ಥೆಯ ಎಸ್‌ಎಎಸ್ 2008 ಚಿಪ್ ಕೂಡ ಈ ಪಟ್ಟಿಗೆ ಸೇರಿತು. ಸೆಂಟ್‌ಓಎಸ್‌ನ ಸ್ಥಾನಕ್ಕೆ ಬಂದ ರಾಕಿ, ಅಲ್ಮಾ ಮುಂತಾದವು ರೆಡ್ ಹ್ಯಾಟ್‌ನದನ್ನೇ ಆಧರಿಸಿದ್ದರಿಂದ ಅದರ ಲೋಪಗಳೂ ಅವುಗಳಿಗೆ ಬಂದವು.

ಇದನ್ನು ಕಂಡು ಮುಕ್ತ ತಂತ್ರಾಂಶವೇ ನಂಬಿಕೆಗೆ ಅರ್ಹವಲ್ಲವೆಂದು ತೀರ್ಮಾನಿಸುವ ವರ್ತಕರಿದ್ದಾರೆ. ಆ ತೀರ್ಮಾನ ಸರಿಯಲ್ಲ. ಹಳೆಯ ಕಾರ್ಡ್‌ಗಳನ್ನು ಪ್ರತಿ ಆವೃತ್ತಿಯಲ್ಲೂ ಪರೀಕ್ಷಿಸಲು ವೆಚ್ಚವಾಗುತ್ತದೆ. ಅದನ್ನು ಉಳಿಸಿಕೊಳ್ಳುವುದು ಆ ಸಂಸ್ಥೆಯ ವ್ಯಾಪಾರ ನಿರ್ಧಾರ. ಆದರೆ ಎಸ್‌ಎಎಸ್ 2008ರ ಡ್ರೈವರ್ ಲಿನಕ್ಸ್‌ನ ತಿರುಳಿನಲ್ಲಿ ಹಾಗೆಯೇ ಉಳಿದಿದೆ. ಡೆಬಿಯನ್‌ನಂಥ ಬೇರೆ ಹಂಚಿಕೆಗಳು ಆ ಚಿಪ್ಪನ್ನು ಗುರುತಿಸುತ್ತವೆ. 2024ರ ಮೇ ತಿಂಗಳಲ್ಲಿ ಬಂದ ಅಲ್ಮಾ 9.4 ಆವೃತ್ತಿಯು ಕೈಬಿಟ್ಟಿದ್ದ ಹಲವು ಕಂಟ್ರೋಲರ್‌ಗಳ ಬೆಂಬಲವನ್ನು ಮರಳಿ ಸೇರಿಸಿತು. ಮೂಲ ಸಂಕೇತ ತೆರೆದಿದ್ದುದರಿಂದಲೇ ಇದು ಸಾಧ್ಯವಾಯಿತು. ಗುಟ್ಟಾಗಿ ಮಾರುವ ವ್ಯವಸ್ಥೆಯ ಒಡೆಯನು ಹೀಗೆ ಕೈಬಿಟ್ಟಿದ್ದರೆ ಹೊಸ ಕಾರ್ಡ್ ಕೊಳ್ಳುವುದೊಂದೇ ದಾರಿಯಾಗುತ್ತಿತ್ತು.

ನಿಜವಾದ ಆಕ್ಷೇಪಣೆ ಸಲ್ಲಬೇಕಾದುದು ಯಂತ್ರಾಂಶ ತಯಾರಕರಿಗೆ. 2005ರಲ್ಲಿ ಓಪನ್‌ಬಿಎಸ್‌ಡಿ ಬಳಗವು ಅಡಾಪ್ಟೆಕ್ ಸಂಸ್ಥೆಯ ರೇಡ್ ಕಾರ್ಡ್‌ಗಳ ಡ್ರೈವರನ್ನು ತನ್ನ 3.7ನೆಯ ಆವೃತ್ತಿಯಿಂದ ಹೊರಗಿಟ್ಟಿತು. ತಾಂತ್ರಿಕ ದಾಖಲೆಗಳನ್ನು ಎಷ್ಟು ಕೇಳಿದರೂ ಸಂಸ್ಥೆ ಒದಗಿಸಲಿಲ್ಲವೆಂಬುದು ಬಳಗದ ದೂರಾಗಿತ್ತು. ಹಣ ಕೊಟ್ಟು ಕೊಂಡ ಯಂತ್ರವು ಹೇಗೆ ಕೆಲಸ ಮಾಡುತ್ತದೆಂಬುದನ್ನು ಕೊಂಡವನಿಂದಲೇ ಮುಚ್ಚಿಡುವ ಈ ಪದ್ಧತಿಯನ್ನು ಬೇರಾವ ಸರಕಿನಲ್ಲೂ ವರ್ತಕರು ಸಹಿಸಲಾರರು. ಲೇತ್ ಕೊಂಡವನಿಗೆ ಅದರ ಕೈಪಿಡಿ ಸಿಗುತ್ತದೆ.

ರೇಡ್ ಕಾರ್ಡಿನ ವಿಷಯದಲ್ಲಿ ಅಪಾಯ ಇನ್ನೂ ಆಳವಾಗಿದೆ. ಒಂದು ಡಿಸ್ಕ್ ಕೆಟ್ಟರೂ ಮಾಹಿತಿ ಉಳಿಯಲೆಂದು ಎರಡು ಅಥವಾ ಹೆಚ್ಚು ಡಿಸ್ಕುಗಳನ್ನು ಜೋಡಿಸುವ ವಿಧಾನವಿದು. ಕಾರ್ಡ್ ಈ ಜೋಡಣೆಯ ವಿವರವನ್ನು ಡಿಸ್ಕಿನಲ್ಲಿ ಬರೆಯುವುದು ಸಾಮಾನ್ಯವಾಗಿ ತಯಾರಕನ ಸ್ವಂತ ರೂಪದಲ್ಲಿ. ಕಾರ್ಡೇ ಸುಟ್ಟುಹೋದರೆ ಡಿಸ್ಕುಗಳೆಲ್ಲ ಸರಿಯಿದ್ದರೂ ಅದೇ ಬಗೆಯ ಇನ್ನೊಂದು ಕಾರ್ಡ್ ಹುಡುಕಬೇಕಾಗುತ್ತದೆ, ಅದೂ ತಯಾರಿಕೆ ನಿಂತ ಮೇಲೆ! ಅಗ್ಗದ ಮದರ್‌ಬೋರ್ಡ್‌ಗಳ ಮೇಲೆ ಅಚ್ಚಾದ ರೇಡ್ ಎಂಬ ಹೆಸರು ಇನ್ನಷ್ಟು ಮೋಸಗೊಳಿಸುತ್ತದೆ. ಅಲ್ಲಿ ಹೆಚ್ಚಿನ ಕೆಲಸವನ್ನು ಮಾಡುವುದು ಬಯೋಸ್ ಮತ್ತು ಡ್ರೈವರ್. ಲಿನಕ್ಸ್‌ಗೆ ಅವು ಎರಡು ಬಿಡಿ ಡಿಸ್ಕುಗಳಾಗಿ ಕಾಣಿಸುವುದೂ ಉಂಟು.

ಇದಕ್ಕಿಂತ ಲಿನಕ್ಸ್‌ನಲ್ಲಿಯೇ ಇರುವ ಎಂಡಿಎಡಿಎಂ ಸಾಧನದಿಂದ ಜೋಡಿಸಿದ ಡಿಸ್ಕುಗಳು ಸಣ್ಣ ಸಂಸ್ಥೆಗೆ ಲೇಸು. ಬ್ಯಾಟರಿಯುಳ್ಳ ದುಬಾರಿ ಕಾರ್ಡಿನ ವೇಗ ಅವುಗಳಿಗೆ ಇರಲಾರದು. ಆದರೆ ಯಂತ್ರ ಕೆಟ್ಟ ದಿನ ಡಿಸ್ಕುಗಳನ್ನು ಬಿಚ್ಚಿ ಮತ್ತೊಂದು ಲಿನಕ್ಸ್ ಯಂತ್ರಕ್ಕೆ ಸಿಕ್ಕಿಸಿ ಕಡತಗಳನ್ನು ಓದಬಹುದು. ಬಿಲ್ ಬರೆಯಲು ಹತ್ತು ಜನ ಬಳಸುವ ಸರ್ವರ್‌ಗೆ ವೇಗಕ್ಕಿಂತ ಈ ಅನುಕೂಲವೇ ದೊಡ್ಡದು. (ಇದು ಪ್ರತ್ಯೇಕ ಬ್ಯಾಕಪ್‌ಗೆ ಬದಲಿಯಲ್ಲ, ತಪ್ಪಿ ಅಳಿಸಿದ ಕಡತ ಎರಡೂ ಡಿಸ್ಕಿನಿಂದ ಒಟ್ಟಿಗೇ ಅಳಿಯುತ್ತದೆ.)

ಜಿಎಸ್‌ಟಿ ಕಾಯ್ದೆಯು ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಲೆಕ್ಕಪತ್ರ ಉಳಿಸಿಕೊಳ್ಳಬೇಕೆನ್ನುತ್ತದೆ. ಬಳಸಿದ ಸರ್ವರ್ ಕೊಳ್ಳುವವರು ಪ್ರೊಸೆಸರ್, ಮೆಮೊರಿ ಕೇಳಿ ಬೆಲೆ ಕಟ್ಟುತ್ತಾರೆ; ಆ ಆರು ವರ್ಷ ಲೆಕ್ಕ ಕಾಯಬೇಕಾದ ಕಂಟ್ರೋಲರ್‌ನ ಹೆಸರು ಕೊಟೇಶನ್‌ನಲ್ಲೇ ಇರುವುದಿಲ್ಲ. ಹಣ ಪಾವತಿಸುವ ಮುನ್ನ ತಾವು ಬಳಸಲಿರುವ ಆವೃತ್ತಿಯನ್ನು ಪೆನ್ ಡ್ರೈವ್‌ನಲ್ಲಿ ಒಯ್ದು, ಮಾರುವವನ ಅಂಗಡಿಯಲ್ಲೇ ಯಂತ್ರವನ್ನು ಅದರಿಂದ ಆರಂಭಿಸಿ ಡಿಸ್ಕುಗಳು ಕಾಣುವವೇ ಎಂದು ನೋಡಲು ಅರ್ಧ ಗಂಟೆ ಸಾಕು. ಕಂಟ್ರೋಲರ್‌ನ ಮಾದರಿ ಹಾಗೂ ಅದು ಯಾವ ಆವೃತ್ತಿಯಲ್ಲಿ ನಡೆಯಬೇಕೆಂಬುದನ್ನು ಖರೀದಿ ಆದೇಶದಲ್ಲಿ ಬರೆದರೆ, ನಡೆಯದ ಸರಕನ್ನು ಹಿಂದಿರುಗಿಸಲು ಆಧಾರ ದೊರೆಯುತ್ತದೆ. ವಾಣಿಜ್ಯ ಸಂಸ್ಥೆಗಳು ತಮ್ಮ ಸದಸ್ಯರಲ್ಲಿ ಯಾವ ಮಾದರಿ ಯಾವ ಆವೃತ್ತಿಯಲ್ಲಿ ನಡೆಯುತ್ತಿದೆ ಎಂಬ ಪಟ್ಟಿಯೊಂದನ್ನು ಕಚೇರಿಯಲ್ಲಿ ಇಟ್ಟುಕೊಳ್ಳುವುದು ಕಷ್ಟವೇನಲ್ಲ.