ನೋಡುವ ಬೆಳಕು, ನಡೆಯುವ ಬೆಳಕು

ಕಳೆದ ದಸರೆಗೆ ನಾದಿನಿಯ ಮಕ್ಕಳು ಮೈಸೂರಿಗೆ ಬಂದಿದ್ದರು. ಸಂಜೆ ಅವರನ್ನು ದೀಪಾಲಂಕಾರ ತೋರಿಸಲು ಕರೆದುಕೊಂಡು ಹೋದೆ. ಅರಮನೆಯ ದೀಪಗಳು ಒಮ್ಮೆಲೇ ಹತ್ತಿಕೊಂಡಾಗ ಮಕ್ಕಳ ಜೊತೆ ನಾನೂ 'ಹೋ' ಎಂದೆ. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ಕಮಾನು, ಗೋಪುರಗಳ ಅಂಚಿಗೆ ಜರಿ ಹೊಲಿದ ಹಾಗೆ. ಎಷ್ಟು ವರ್ಷ ನೋಡಿದರೂ ಹಳತಾಗದ ನೋಟ ಅದು. ಆಮೇಲೆ ಸಯ್ಯಾಜಿರಾವ್ ರಸ್ತೆ, ಒಂದೊಂದು ವೃತ್ತದಲ್ಲೂ ಬಣ್ಣ ಬದಲಿಸುವ ಎಲ್‌ಇಡಿ ಆಕೃತಿಗಳು. ಮಕ್ಕಳಿಗೆ ಹಬ್ಬವೋ ಹಬ್ಬ.

ಒಂಬತ್ತೂವರೆಗೆ ಬಸ್ಸಿಳಿದು ನಮ್ಮ ಬಡಾವಣೆಯ ತಿರುವಿಗೆ ಬಂದೆವು. ಮೂರು ಕಂಬ, ಮೂರರಲ್ಲೂ ದೀಪವಿಲ್ಲ. ಚಿಕ್ಕವಳು ನನ್ನ ಸೆರಗು ಹಿಡಿದು ಕೇಳಿದಳು: "ಅತ್ತೆ, ಇಲ್ಲಿ ದಸರಾ ಇಲ್ವಾ?"

ಏನು ಹೇಳಲಿ? ಆ ಮೂರು ದೀಪಕ್ಕಾಗಿ ಮೂರು ತಿಂಗಳು ಕಚೇರಿಗೆ ಅಲೆದಿದ್ದೆ. "ಸಾಮಾನು ಬಂದಿಲ್ಲಮ್ಮ" ಎನ್ನುವುದೊಂದೇ ಉತ್ತರ. ಹಾಗೆಂದ ಕಚೇರಿಯ ಮುಂದಿನ ಮರಕ್ಕೆ ಬುಡದಿಂದ ತುದಿಯವರೆಗೆ ಸೀರಿಯಲ್ ಸೆಟ್ ಸುತ್ತಿತ್ತು!

ಪಕ್ಕದ ಮನೆಯ ಹುಡುಗಿ ಬಟ್ಟೆಯಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅವಳು ಬರುವ ಹೊತ್ತಿಗೆ ತಾಯಿ ಟಾರ್ಚ್ ಹಿಡಿದು ತಿರುವಿನಲ್ಲಿ ನಿಂತಿರುತ್ತಾರೆ. ಊರೆಲ್ಲ ಜಗಮಗಿಸಿದ ದಸರೆಯ ದಿನಗಳಲ್ಲೂ ನಿಂತಿದ್ದರು. "ಕೆಲಸ ಬಿಡಿಸಿಬಿಡೋಣ ಅಂತಾರ್ರೀ ಇವರು" ಎಂದು ಮೊನ್ನೆ ಕಣ್ಣೊರೆಸಿಕೊಂಡರು. ಒಂದು ಬೀದಿದೀಪ ಕೆಟ್ಟರೆ ಹೋಗುವುದು ಬರೀ ಬೆಳಕಲ್ಲ, ಹೆಣ್ಣುಮಗಳೊಬ್ಬಳ ಸಂಬಳ, ಅವಳ ಓಡಾಟ, ಅವಳ ಧೈರ್ಯ.

ನಮ್ಮ ನಾಡಿನಲ್ಲಿ ಕರೆಂಟು ಬಂದದ್ದು ಮೆರೆಸಲಿಕ್ಕಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಹೋದದ್ದು ಕೋಲಾರದ ಚಿನ್ನದ ಗಣಿಗೆ, ದುಡಿಯುವ ಜಾಗಕ್ಕೆ. 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು. ಆಗ ಬೀದಿದೀಪವೇ ಒಂದು ವಿಸ್ಮಯ. ನೋಡುವ ಬೆಳಕೂ ಅದೇ, ನಡೆಯುವ ಬೆಳಕೂ ಅದೇ. ಈಗ ಎರಡನ್ನೂ ಬೇರೆ ಮಾಡಿದ್ದೇವೆ. ನೋಡುವ ಬೆಳಕಿಗೆ ಉದ್ಘಾಟನೆ, ಮಂತ್ರಿಗಳು, ಫೋಟೋ. ನಡೆಯುವ ಬೆಳಕಿಗೆ ಅರ್ಜಿ.

"ದೀಪ ನೋಡಲು ಪ್ರವಾಸಿಗರು ಬರುತ್ತಾರೆ, ವ್ಯಾಪಾರವಾಗುತ್ತದೆ" ಎನ್ನುತ್ತಾರೆ. ನಿಜ. ಹೂವು, ಚುರುಮುರಿ ಮಾರುವವರಿಗೆ ಅದು ಒಳ್ಳೆಯ ಕಾಲ. ಆದರೆ ರಾತ್ರಿ ಬುಟ್ಟಿ ಹೊತ್ತು ಮನೆಗೆ ಹೋಗುವ ಹೂವಿನವಳಿಗೂ ದಾರಿ ಕಾಣಬೇಡವೆ? "ಎಲ್‌ಇಡಿಗೆ ಕರೆಂಟು ಏನೂ ಸುಡುವುದಿಲ್ಲ" ಎಂಬುದು ಇನ್ನೊಂದು ಸಮಾಧಾನ. ಅಷ್ಟು ಅಗ್ಗವಾದರೆ ನಮ್ಮ ಮೂರು ಕಂಬಕ್ಕೇಕೆ ಬರಗಾಲ?

ಅರಮನೆಯ ದೀಪ ಆರಿಸಿ ಎಂದು ನಾನು ಹೇಳುತ್ತಿಲ್ಲ. ಅದು ನಮ್ಮ ಹೆಮ್ಮೆ. ಆದರೆ ಮುಂಬಾಗಿಲಿಗೆ ತೋರಣ ಕಟ್ಟಿ, ಅಡುಗೆಮನೆಯನ್ನು ಕತ್ತಲಲ್ಲಿಡುವ ಗೃಹಿಣಿಯನ್ನು ಯಾರಾದರೂ ಜಾಣೆ ಎಂದಾರೆ? ಒಳಗೆ ಹುಳುಕು, ಹೊರಗೆ ಥಳುಕು ಎಂದು ಆಡಿಕೊಳ್ಳುವುದಿಲ್ಲವೆ? ಮನೆಗೊಂದು ನ್ಯಾಯ, ಊರಿಗೊಂದು ನ್ಯಾಯವೆ?

ಅಲಂಕಾರದ ಮೊದಲ ಬಲ್ಬು ಕಟ್ಟುವ ಮುನ್ನ ಕೆಟ್ಟ ಬೀದಿದೀಪಗಳೆಲ್ಲ ಉರಿಯಲಿ. ನಾನು ಕೇಳುವುದು ಇಷ್ಟೇ. ಸುಮ್ಮನೆ ಕೂತರೆ ಯಾರೂ ಮಾಡಿಕೊಡುವುದಿಲ್ಲ. ನಿಮ್ಮ ಬೀದಿಯಲ್ಲಿ ಯಾವ ಕಂಬದ ದೀಪ ಎಂದಿನಿಂದ ಕೆಟ್ಟಿದೆ ಎಂದು ಬರೆದಿಡಿ. ನಾಲ್ಕು ಜನ ಹೆಂಗಸರು ಸೇರಿ ಹೋಗಿ ಕೇಳಿ. ಒಬ್ಬಳೇ ಹೋದರೆ "ನಾಳೆ ಬನ್ನಿ" ಎನ್ನುವವರು ನಾಲ್ವರನ್ನು ಕಂಡರೆ ಕುರ್ಚಿ ಎಳೆದು ಕೂರಿಸುತ್ತಾರೆ.

ಮುಂದಿನ ದಸರೆಯಲ್ಲಾದರೂ ಪಕ್ಕದ ಮನೆಯ ತಾಯಿ ಟಾರ್ಚ್ ಮನೆಯಲ್ಲಿಟ್ಟು, ಮಗಳ ಜೊತೆ ಅರಮನೆ ನೋಡಿಕೊಂಡು ಬರುವಂತಾಗಲಿ.