'ಮ್ಯಾನೇಜರ್' ಆದರೆ ಕಾನೂನಿನ ರಕ್ಷಣೆ ಹೋಯ್ತಾ? ಪುಣೆಯ ಸೇಲ್ಸ್ ಉದ್ಯೋಗಿಗಳ ಮುಂದಿರುವ ಪ್ರಶ್ನೆ

ಪುಣೆ: ಸೇಲ್ಸ್ ಕೆಲಸಕ್ಕೆ ಸೇರಿದ ಮೊದಲ ದಿನವೇ ಹಲವರ ವಿಸಿಟಿಂಗ್ ಕಾರ್ಡ್ ಮೇಲೆ 'ಮ್ಯಾನೇಜರ್' ಎಂಬ ಪದ ಇರುತ್ತದೆ. ರಿಲೇಷನ್‌ಶಿಪ್ ಮ್ಯಾನೇಜರ್, ಟೆರಿಟರಿ ಮ್ಯಾನೇಜರ್, ಏರಿಯಾ ಸೇಲ್ಸ್ ಮ್ಯಾನೇಜರ್. ಎಷ್ಟೋ ಮಂದಿಯ ಕೈಕೆಳಗೆ ಒಬ್ಬ ನೌಕರನೂ ಇರುವುದಿಲ್ಲ, ಇರುವುದು ತಿಂಗಳ ಟಾರ್ಗೆಟ್ ಮಾತ್ರ. ವಿಜಯಪುರ, ಕಲಬುರಗಿ ಕಡೆಯಿಂದ ಪುಣೆಗೆ ಹೋದ ಯುವಕರಿಗೆ ಊರಲ್ಲಿ ಹೇಳಿಕೊಳ್ಳಲು ಈ ಹುದ್ದೆ ಚೆನ್ನಾಗಿದೆ. ಆದರೆ ಕೆಲಸದಿಂದ ತೆಗೆದಾಗ, ಇನ್ಸೆಂಟಿವ್ ತಡೆಹಿಡಿದಾಗ ಇದೇ ಪದ ಅವರಿಗೆ ಮುಳುವಾಗಬಹುದು.

ಪುಣೆಯ ಕಚೇರಿಗಳ ಒತ್ತಡ ದೇಶದ ಗಮನ ಸೆಳೆದದ್ದು 2024ರಲ್ಲಿ. ಲೆಕ್ಕಪರಿಶೋಧನಾ ಸಂಸ್ಥೆಯೊಂದಕ್ಕೆ ಸೇರಿ ನಾಲ್ಕೇ ತಿಂಗಳಾಗಿದ್ದ 26 ವರ್ಷದ ಯುವತಿ ಜುಲೈನಲ್ಲಿ ಮೃತಪಟ್ಟರು. ಮಗಳ ಸಾವಿಗೆ ಕೆಲಸದ ಹೊರೆಯೇ ಕಾರಣ ಎಂದು ತಾಯಿ ಬರೆದ ಪತ್ರ ಸೆಪ್ಟೆಂಬರ್‌ನಲ್ಲಿ ವೈರಲ್ ಆಯಿತು. ಸಂಸ್ಥೆ ಇದನ್ನು ಒಪ್ಪಲಿಲ್ಲ. ಕೇಂದ್ರ ಕಾರ್ಮಿಕ ಖಾತೆ ರಾಜ್ಯ ಸಚಿವೆ ಶೋಭಾ ಕರಂದ್ಲಾಜೆ ತನಿಖೆಯ ಭರವಸೆ ನೀಡಿದರು. ಅಧಿಕಾರಿಗಳು ಪರಿಶೀಲಿಸಿದಾಗ ಪುಣೆ ಕಚೇರಿ 2007ರಿಂದಲೂ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯೇ ಇಲ್ಲದೆ ನಡೆಯುತ್ತಿದ್ದದ್ದು ಬೆಳಕಿಗೆ ಬಂತು.

ಮರುವರ್ಷ ಜುಲೈನಲ್ಲಿ ಪುಣೆ ಜಿಲ್ಲೆಯ ಬಾರಾಮತಿಯಲ್ಲಿ ಸಾರ್ವಜನಿಕ ವಲಯದ ಬ್ಯಾಂಕ್‌ನ 52 ವರ್ಷದ ಮುಖ್ಯ ವ್ಯವಸ್ಥಾಪಕರೊಬ್ಬರು ಆತ್ಮಹತ್ಯೆ ಮಾಡಿಕೊಂಡರು. ಅನಾರೋಗ್ಯ ಹಾಗೂ ಕೆಲಸದ ಒತ್ತಡದ ಕಾರಣ ನೀಡಿ ಕೆಲವೇ ದಿನಗಳ ಹಿಂದೆ ಅವರು ರಾಜೀನಾಮೆ ಕೊಟ್ಟಿದ್ದರು. (ಮಾನಸಿಕ ಸಂಕಷ್ಟದಲ್ಲಿರುವವರು ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.)

ಇವೆರಡೂ ನೇರವಾಗಿ ಸೇಲ್ಸ್ ವಿಭಾಗದ ಪ್ರಕರಣಗಳಲ್ಲ. ಆದರೆ ಇಂದು ಬ್ಯಾಂಕ್ ಶಾಖೆಯೂ ವಿಮೆ, ಮ್ಯೂಚುವಲ್ ಫಂಡ್ ಮಾರುವ ಜಾಗವೇ. 2023ರ ಜೂನ್‌ನಲ್ಲಿ ಟಾರ್ಗೆಟ್ ಮುಟ್ಟದ ಕಿರಿಯರ ಮೇಲೆ ಆನ್‌ಲೈನ್ ಮೀಟಿಂಗ್‌ನಲ್ಲಿ ಕಿರುಚಾಡಿದ ಕೋಲ್ಕತ್ತಾದ ಖಾಸಗಿ ಬ್ಯಾಂಕ್ ಅಧಿಕಾರಿ ಅಮಾನತಾದರು. ವಿಡಿಯೋ ಹೊರಬರದಿದ್ದರೆ ಅದೂ ಇನ್ನೊಂದು ಮಾಮೂಲಿ ರಿವ್ಯೂ ಮೀಟಿಂಗ್ ಆಗಿ ಮುಗಿಯುತ್ತಿತ್ತೇನೋ!

ಹಾಗಾದರೆ ಕಾನೂನು ಏನು ಹೇಳುತ್ತದೆ? ಔಷಧ ಕಂಪನಿಗಳ ಮೆಡಿಕಲ್ ರೆಪ್‌ಗಳಿಗಾಗಿ 1976ರಲ್ಲೇ ಪ್ರತ್ಯೇಕ ಕಾಯ್ದೆ ಬಂದಿತ್ತು. 2011ರಲ್ಲಿ ಸಿದ್ಧ ಉಡುಪು, ಬಿಸ್ಕತ್ತು, ತಂಪು ಪಾನೀಯ, ವಾಹನ, ಬಣ್ಣ ಸೇರಿದಂತೆ ಇನ್ನೂ ಹಲವು ಉದ್ಯಮಗಳಿಗೆ ಅದು ವಿಸ್ತರಣೆಯಾಯಿತು. ಆ ಪಟ್ಟಿಯಲ್ಲಿ ಬ್ಯಾಂಕ್, ವಿಮೆ ಇರಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಈ ಕಾಯ್ದೆ ವಿಲೀನವಾಗಿದೆ. ಈಗ ಮಾರಾಟ ಪ್ರತಿನಿಧಿಗಳೂ 'ಕಾರ್ಮಿಕ' ಎಂಬ ವ್ಯಾಖ್ಯೆಯೊಳಗಿದ್ದಾರೆ. ಆದರೆ ಮುಖ್ಯವಾಗಿ ವ್ಯವಸ್ಥಾಪಕ ಅಥವಾ ಆಡಳಿತಾತ್ಮಕ ಕೆಲಸ ಮಾಡುವವರು ಅದರಿಂದ ಹೊರಗೆ. ಮೇಲ್ವಿಚಾರಣೆ ನಡೆಸುತ್ತಾ ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವವರೂ ಹೊರಗೆ. ಪುಣೆಯಂಥ ನಗರದಲ್ಲಿ ಈ ಮೊತ್ತ ದೊಡ್ಡದೇನಲ್ಲ.

ಇಲ್ಲೊಂದು ಮುಖ್ಯ ಅಂಶವಿದೆ. ನ್ಯಾಯಾಲಯಗಳು ನೋಡುವುದು ಹುದ್ದೆಯ ಹೆಸರನ್ನಲ್ಲ, ವಾಸ್ತವವಾಗಿ ಮಾಡುವ ಕೆಲಸವನ್ನು. ರಜೆ ಮಂಜೂರು ಮಾಡುವ, ಶಿಸ್ತು ಕ್ರಮ ಕೈಗೊಳ್ಳುವ ಅಧಿಕಾರ ಇಲ್ಲದ 'ಮ್ಯಾನೇಜರ್' ತಾನೂ ಕಾರ್ಮಿಕನೇ ಎಂದು ವಾದಿಸಬಹುದು. ಅದಕ್ಕೆ ದಾಖಲೆ ಬೇಕು. ಹೊಸ ಸಂಹಿತೆ ನೇಮಕಾತಿ ಪತ್ರವನ್ನು ಕಡ್ಡಾಯ ಮಾಡಿದೆ. ಇನ್ಸೆಂಟಿವ್ ಲೆಕ್ಕ ತಿಳಿಸುವ ಇಮೇಲ್, ಟಾರ್ಗೆಟ್ ಬದಲಿಸಿದ ವಾಟ್ಸಾಪ್ ಸಂದೇಶ ಕೂಡ ಉಪಯೋಗಕ್ಕೆ ಬರುತ್ತವೆ. ಆದರೆ ಕಂಪನಿಯ ಲಾಗಿನ್ ಬಂದ್ ಆದ ಮೇಲೆ ಇಮೇಲ್ ಎಲ್ಲಿಂದ ತರುವುದು?

ಕಮಿಷನ್ ನಂಬಿ ಬದುಕುವವರಿಗೆ ಒಂದು ಅನುಕೂಲವೂ ಆಗಿದೆ. ಕಮಿಷನ್, ಮನೆ ಬಾಡಿಗೆ ಭತ್ಯೆಯಂತಹ ಮೊತ್ತಗಳು ಒಟ್ಟು ಸಂಭಾವನೆಯ ಶೇ. 50 ದಾಟಿದರೆ, ಹೆಚ್ಚುವರಿ ಭಾಗವನ್ನು ವೇತನ ಎಂದೇ ಪರಿಗಣಿಸಬೇಕು. ಗ್ರಾಚ್ಯುಟಿಯಂತಹ ಸೌಲಭ್ಯದ ಲೆಕ್ಕಾಚಾರಕ್ಕೆ ಇದು ಮುಖ್ಯ.

ರಾತ್ರಿ ಹತ್ತಕ್ಕೆ ಬರುವ ಬಾಸ್ ಕರೆಯ ವಿಚಾರ ಮಾತ್ರ ಬಾಕಿ ಉಳಿದಿದೆ. ಕೆಲಸದ ಅವಧಿ ಮುಗಿದ ಮೇಲೆ ಫೋನ್, ಇಮೇಲ್‌ಗೆ ಉತ್ತರಿಸದಿರುವ ಹಕ್ಕು ನೀಡುವ ಖಾಸಗಿ ಮಸೂದೆಯನ್ನು ಬಾರಾಮತಿ ಸಂಸದೆ ಸುಪ್ರಿಯಾ ಸುಳೆ 2025ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮತ್ತೊಮ್ಮೆ ಮಂಡಿಸಿದರು. 1970ರ ನಂತರ ಯಾವ ಖಾಸಗಿ ಮಸೂದೆಯೂ ಸಂಸತ್ತಿನಲ್ಲಿ ಅಂಗೀಕಾರವಾಗಿ ಕಾನೂನಾಗಿಲ್ಲ.