ಹಾಸಿನ ಉದ್ದದ ಬೀದಿ

ಕೊಯಮತ್ತೂರಿನ ಟೌನ್ ಹಾಲಿನಿಂದ ದಕ್ಷಿಣಕ್ಕೆ ತುಸು ದೂರ ನಡೆದರೆ ಉಕ್ಕಡಂ. ಅದರ ಮಗ್ಗುಲಲ್ಲೇ ಪೆರಿಯಕುಳಂ, ಎಂದರೆ ದೊಡ್ಡಕೆರೆ. ಸುಮಾರು 320 ಎಕರೆ ಹರಡಿರುವ ಈ ನೀರು ನೊಯ್ಯಲ್ ನದಿಯದು. ವೆಳ್ಳಿಯಂಗಿರಿ ಬೆಟ್ಟಗಳಿಂದ ಇಳಿದು ಬರುವ ನೊಯ್ಯಲ್ಲಿಗೆ ಅಲ್ಲಲ್ಲಿ ಒಡ್ಡು ಹಾಕಿ, ಕಾಲುವೆ ತೆಗೆದು, ಒಂದು ಕೆರೆಯ ಕೋಡಿನೀರು ಇನ್ನೊಂದು ಕೆರೆಗೆ ಇಳಿಯುವಂತೆ ಹಿಂದಿನವರು ಹೊಂದಿಸಿದ್ದರು. ನದಿ ತಾನು ಊರಿನ ದಕ್ಷಿಣದಂಚಿನಲ್ಲಿ, ಆತ್ತುಪ್ಪಾಲಂ ಸೇತುವೆಯ ಕೆಳಗೆ ಹಾದುಹೋಗುತ್ತದೆ. ಪೇಟೆಯ ಬಾಗಿಲಿಗೆ ಅದು ಬರುವುದು ಕೆರೆಯ ರೂಪದಲ್ಲಿಯೇ. ಕೊಯಮತ್ತೂರಿನ ನದೀತೀರ ಯಾವುದೆಂದು ಕೇಳಿದವರಿಗೆ ಆದಕಾರಣ ಕೆರೆಯ ಏರಿಯನ್ನೇ ತೋರಿಸಬೇಕಾಗುತ್ತದೆ.

ಆ ಏರಿ ಈಗ ಗುರುತು ಸಿಗದಷ್ಟು ಬದಲಾಗಿದೆ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ ಇಪ್ಪತ್ತು ನಗರಗಳ ಪಟ್ಟಿಗೆ ಕೊಯಮತ್ತೂರು ಸೇರಿತು. ಆ ಬಳಿಕ ಪೆರಿಯಕುಳಂ, ವಾಲಾಂಕುಳಂ ಮೊದಲಾದ ಕೆರೆಗಳ ದಂಡೆಗೆ ನಡಿಗೆಯ ಹಾದಿ, ಸೈಕಲ್ ದಾರಿ, ದೀಪಗಳ ಸಾಲು ಬಂದವು. 2024ರ ಆಗಸ್ಟ್‌ನಲ್ಲಿ ಉಕ್ಕಡಂನಿಂದ ಆತ್ತುಪ್ಪಾಲಂ ಕಡೆಗೆ ಮೇಲ್ಸೇತುವೆ ತೆರೆಯಿತು. ಚರಂಡಿಯ ನಾತ ಬರುತ್ತಿದ್ದ ದಂಡೆಯ ಮೇಲೆ ಸಂಜೆ ಮಕ್ಕಳು ಓಡಾಡುವುದನ್ನು ಕಂಡು ಬೇಸರಪಡುವವರು ಯಾರೂ ಇರಲಾರರು. ಆದರೆ ದಂಡೆ ಬರಿದಾಗಿಯೇನೂ ಇರಲಿಲ್ಲ. ಮುತ್ತಣ್ಣನ್ ಕುಳಂ ಮೊದಲಾದ ಕೆರೆಗಳ ಏರಿಯಲ್ಲಿ ತಲೆಮಾರುಗಳಿಂದ ಮನೆ ಕಟ್ಟಿಕೊಂಡಿದ್ದವರನ್ನು ಎಬ್ಬಿಸಿ, ಕೀರನತ್ತಂ, ಮಲುಮಿಚ್ಚಂಪಟ್ಟಿಯಂಥ ದೂರದ ಕಡೆಗಳಲ್ಲಿ ಕಟ್ಟಿದ ಸರಕಾರಿ ವಸತಿಗಳಿಗೆ ಕಳುಹಿಸಲಾಯಿತು. ಗಾರೆಯ ಗೋಡೆ ಅಲ್ಲಿ ಸಿಕ್ಕಿತು, ನಿಜ. ನಡೆದು ಹೋಗಬಹುದಾಗಿದ್ದ ಕೆಲಸಕ್ಕೆ ಬಸ್ಸಿನ ಹಾದಿಯೂ ಜೊತೆಗೇ ಸಿಕ್ಕಿತು. ಅಹಮದಾಬಾದಿನ ಸಾಬರಮತಿ ದಂಡೆಯ ಸಾವಿರಾರು ಕುಟುಂಬಗಳ ಕಥೆಯೂ ಇದೇ.

ಏರಿಯಿಂದ ಎಬ್ಬಿಸುವುದು ಕಣ್ಣಿಗೆ ಕಾಣುತ್ತದೆ, ಪತ್ರಿಕೆಯಲ್ಲಿ ಬರುತ್ತದೆ. ಏರಿಯ ಹಿಂದಿನ ಹಳೆಯ ಪೇಟೆಯಲ್ಲಿ ನಡೆಯುತ್ತಿರುವುದು ಅಷ್ಟು ಸುಲಭವಾಗಿ ಕಾಣುವುದಿಲ್ಲ.

ರಾಜವೀದಿ, ದೇವಾಂಗಪೇಟೆ ಎಂಬ ಹೆಸರುಗಳು ಈ ಪೇಟೆಯಲ್ಲಿ ಇನ್ನೂ ಉಳಿದಿವೆ. ದೇವಾಂಗರು ನೇಕಾರರು, ಇಲ್ಲಿನವರಲ್ಲಿ ಅನೇಕರ ಮನೆಮಾತು ಕನ್ನಡ. 1799ರವರೆಗೆ ಕೊಯಮತ್ತೂರು ಸೀಮೆ ಮೈಸೂರಿನ ಆಳ್ವಿಕೆಯಲ್ಲಿತ್ತೆಂಬುದನ್ನು ನೆನೆದರೆ ಇದರಲ್ಲಿ ಅಚ್ಚರಿಯಿಲ್ಲ. ಕೋಟೆ ಅಳಿದು ಕೋಟೈಮೇಡು ಎಂಬ ಹೆಸರಷ್ಟೇ ಉಳಿದಿದೆ. ಮಾತು ಮಾತ್ರ ಕೋಟೆಗಿಂತ ಗಟ್ಟಿಯಾಗಿ ನಿಂತಿತು.

ನೇಕಾರನ ಮನೆಯನ್ನು ಕಟ್ಟಿದ್ದು ಮಗ್ಗ ಎಂದರೆ ಉತ್ಪ್ರೇಕ್ಷೆಯಲ್ಲ. ಬೀದಿಗೆ ಕಿರಿದಾದ ಮುಖ, ಒಳಕ್ಕೆ ಉದ್ದ. ಮುಂದೆ ಜಗಲಿ, ಅದಕ್ಕೆ ಮರದ ಕಂಬ. ನಡುಮನೆಯ ನೆಲದಲ್ಲಿ ಕುಣಿ. ಕುಣಿಯಂಚಿನಲ್ಲಿ ಕುಳಿತು ಕಾಲುಗಳನ್ನು ಒಳಗಿಳಿಸಿ ತುಳಿಯುವ ಈ ಕುಣಿಮಗ್ಗಕ್ಕೆ ನೆಲದ ತಂಪು ಬೇಕು. ಒಣಹವೆಯಲ್ಲಿ ನೂಲು ಪಟಪಟನೆ ಹರಿಯುತ್ತದೆ. ಕಿಟಕಿ ತಗ್ಗಿನಲ್ಲಿರಬೇಕು, ಏಕೆಂದರೆ ಬೆಳಕು ಬೀಳಬೇಕಾದುದು ನಿಂತವನ ಮುಖದ ಮೇಲಲ್ಲ, ಕುಳಿತವನ ಕೈಯ ಮೇಲೆ. ಮನೆಯೊಳಗೆ ಹಿಡಿಸದ ಕೆಲಸ ಬೀದಿಗೆ ಬರುತ್ತಿತ್ತು. ಹಾಸು, ಅಂದರೆ ಬಟ್ಟೆಯ ಉದ್ದಕ್ಕೆ ಹೂಡುವ ನೂಲನ್ನು ನಸುಕಿನಲ್ಲೇ ಬೀದಿಯುದ್ದಕ್ಕೆ ಚಾಚಿ, ಗಂಜಿ ಸವರಿ, ಕುಂಚದಿಂದ ತೀಡಿ, ಬಿಸಿಲೇರುವ ಮುನ್ನ ಸುತ್ತಿ ಒಳಗೆ ತರಬೇಕು. ಆ ಹೊತ್ತಿಗೆ ನೆರೆಹೊರೆಯೆಲ್ಲ ಕೈ ಜೋಡಿಸುತ್ತಿತ್ತು. ಗಾಡಿಗೆ ಮಾಡಿದ ಬೀದಿಯಲ್ಲ ಅದು, ಹಾಸಿಗೆ ಮಾಡಿದ ಬೀದಿ. ಎದುರುಬದುರು ಜಗಲಿಗಳಿದ್ದುದೂ ಸುಮ್ಮನೆ ಅಲ್ಲ.

ಮನೆಯ ಮೇಲಿನ ಹೆಂಚಿನಲ್ಲಿಯೂ ಕನ್ನಡ ನಾಡಿನ ನಂಟಿದೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯ ಮಾದರಿಯ ಹೆಂಚು ಈ ಭಾಗದಲ್ಲೂ ನಾಡಹೆಂಚನ್ನು ಹಿಂದಿಕ್ಕಿತು.

ಈ ಮನೆಗಳ ಕಷ್ಟ ಸ್ಮಾರ್ಟ್ ಸಿಟಿಯಿಂದ ಆರಂಭವಾದದ್ದೆನ್ನುವುದು ಅನ್ಯಾಯವಾದೀತು. 1888ರಲ್ಲಿ ಸ್ಟೇನ್ಸ್ ಮಿಲ್ಲು, 1930ರ ದಶಕದಲ್ಲಿ ಪೈಕಾರದ ವಿದ್ಯುತ್ತು, ಆಮೇಲೆ ವಿದ್ಯುತ್ ಮಗ್ಗ. ವಿದ್ಯುತ್ ಮಗ್ಗಕ್ಕೆ ಬೇಕಾದುದು ಶೆಡ್ಡು, ಕುಣಿಯಲ್ಲ. ಕುಣಿ ಮುಚ್ಚಿತು, ನಡುಮನೆ ಬಾಡಿಗೆಗೆ ಹೋಯಿತು. ಪಕ್ಕದ ಬೀದಿಗಳಲ್ಲಿ ಚಿನ್ನದ ಕೆಲಸ ಬೆಳೆದಿತ್ತು. ಈಗ ಏರಿ ಅಂದವಾದ ಮೇಲೆ ನಿವೇಶನಕ್ಕೆ ಬರುವ ಬೆಲೆ ಮನೆಗೆ ಬರುವುದಿಲ್ಲ. ಅಣ್ಣತಮ್ಮಂದಿರು ಪಾಲಾಗುವಾಗ ಮನೆಯನ್ನು ಮಾರಿ ಹಣವನ್ನು ಹಂಚಿಕೊಳ್ಳುತ್ತಾರೆ. ಅವರನ್ನು ದೂರುವುದು ತರವಲ್ಲ. ಸೋರುವ ಸೂರಿನ ಕೆಳಗೆ ಪರಂಪರೆಯನ್ನು ಕಾಯಿರಿ ಎಂದು ಹೇಳಲು ಯಾರಿಗೂ ಹಕ್ಕಿಲ್ಲ.

ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಬೇರೊಂದು ಬಗೆಯ ಫಲವಾಯಿತು. ಫ್ರಾನ್ಸಿನಿಂದ ಓಡಿಬಂದ ರೇಷ್ಮೆ ನೇಕಾರರು ಹದಿನೆಂಟನೆಯ ಶತಮಾನದಲ್ಲಿ ವಾಸವಿದ್ದ ಮನೆಗಳು ಅಲ್ಲಿ ಉಳಿದಿವೆ. ಮಗ್ಗಕ್ಕೆ ಬೆಳಕು ಬರಲೆಂದು ಅಟ್ಟದಲ್ಲಿಟ್ಟ ಅಗಲವಾದ ಕಿಟಕಿಗಳೂ ಉಳಿದಿವೆ. ಆದರೆ ಅವು ಇಂದು ಸಿರಿವಂತರ ಮನೆಗಳು. ನೇಕಾರರೂ ಇಲ್ಲ, ಅವರಾಡುತ್ತಿದ್ದ ಫ್ರೆಂಚ್ ಮಾತೂ ಇಲ್ಲ. ಕೊಯಮತ್ತೂರಿನಲ್ಲಿ 1892ರ ಟೌನ್ ಹಾಲನ್ನು ಜೋಪಾನ ಮಾಡುವಂತೆ ನಾಲ್ಕು ಜಗಲಿಮನೆಗಳನ್ನು ಜೋಪಾನ ಮಾಡಿದರೂ, ಗೋಡೆ ಉಳಿದೀತು, ಅಷ್ಟೆ.

ತಿರುಪ್ಪೂರಿನಲ್ಲಿ ನೊಯ್ಯಲ್ ಪೇಟೆಯ ನಡುವೆಯೇ ಹರಿಯುತ್ತದೆ. 1932ರ ಜನವರಿಯಲ್ಲಿ ಕುಮರನ್ ಬಾವುಟ ಹಿಡಿದು ಪೋಲೀಸರ ಪೆಟ್ಟಿಗೆ ಬಿದ್ದದ್ದು ಅದರ ತೀರದಲ್ಲಿ. ಬಣ್ಣದ ಕಾರ್ಖಾನೆಗಳ ಕೊಳಕಿನಿಂದ ಕೆಟ್ಟ ಅದೇ ನದಿಗಾಗಿ 2011ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯ ಆ ಕಾರ್ಖಾನೆಗಳನ್ನು ಮುಚ್ಚಿಸಬೇಕಾಯಿತು. ಊರು ಬೆನ್ನು ತಿರುಗಿಸಿದ್ದ ದಂಡೆಗೆ ಅಲ್ಲಿಯೂ ಈಗ ಮುಖ ಬರುತ್ತಿದೆ.

ಹೊಸೂರು, ತಾಳವಾಡಿಗಳ ಮಕ್ಕಳಿಗೆ ಕನ್ನಡವನ್ನು ಓದಿಸಲು ಶಾಲೆಯಿದೆ. ಈ ನೇಕಾರ ಬೀದಿಗಳ ಕನ್ನಡಕ್ಕೆ ಬಹುಮಟ್ಟಿಗೆ ಜಗಲಿಯೇ ಶಾಲೆ. ಪುಸ್ತಕವಿಲ್ಲದೆ, ಅಕ್ಷರವಿಲ್ಲದೆ, ಹಾಸು ತೀಡುವ ಕೈಗಳ ನಡುವೆ ಅದು ಮಕ್ಕಳಿಗೆ ದಾಟಿತು. ಹತ್ತು ಮನೆಯವರು ಹತ್ತು ಬಡಾವಣೆಗಳ ಫ್ಲ್ಯಾಟುಗಳಿಗೆ ಚದುರಿದಾಗ ಅಜ್ಜಿಗೆ ಆ ಮಾತಿನಲ್ಲಿ ಜಗಳವಾಡಲೂ ನೆರೆಯವಳು ಸಿಗುವುದಿಲ್ಲ. ವಿಜಯದಶಮಿಯಂದು ರಾಜವೀದಿಯ ಚೌಡೇಶ್ವರಿ ಗುಡಿಗೆ ಕತ್ತಿ ಹಬ್ಬದ ಮೆರವಣಿಗೆ ಬರುವಾಗ ಹಳೆಯ ಬೀದಿ ಒಂದು ದಿನದ ಮಟ್ಟಿಗೆ ತುಂಬುತ್ತದೆ.

ರಜೆಯಲ್ಲಿ ಕೊಯಮತ್ತೂರಿಗೆ ಹೋಗುವ ಕುಟುಂಬಗಳು ಏರಿಯ ದೀಪಗಳನ್ನು ನೋಡಿ ಬರಲಿ. ನೆಂಟರ ಹಳೆಯ ಮನೆಯಿದ್ದರೆ ಮಕ್ಕಳ ಕೈಗೆ ಟೇಪು, ಪೆನ್ಸಿಲು ಕೊಟ್ಟು ಅದರ ನಕ್ಷೆಯನ್ನೂ ಬರೆಯಿಸಲಿ: ಜಗಲಿಯ ಅಗಲ, ಕಿಟಕಿ ನೆಲದಿಂದೆಷ್ಟು ಎತ್ತರ, ನಡುಮನೆಯಲ್ಲಿ ಸಿಮೆಂಟಿನ ಬಣ್ಣ ಬೇರೆಯಾಗಿ ಕಾಣುವ ಚೌಕವಿದೆಯೇ, ಅದರ ಅಳತೆ ಎಷ್ಟು. ಪ್ರತಿಯೊಂದರ ಪಕ್ಕದಲ್ಲಿ ಆ ಮನೆಯ ಹಿರಿಯರು ಅದಕ್ಕೆ ಹೇಳುವ ಹೆಸರನ್ನು, ಅವರು ಹೇಳಿದ ಹಾಗೆಯೇ, ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಲಿ.